ಹುಬ್ಬಳ್ಳಿಯಿಂದ ಕನ್ಯಾಕುಮಾರಿಗೆ ಸೈಕಲ್: ನಾಲ್ಕು ಮಂದಿ, ನಾಲ್ಕು ಸ್ಪೀಡು

ಉಣಕಲ್ ಹುಡುಗ:

ಎಲ್ಲರಿಗೂ ನಮಸ್ಕಾರ್ರೀ. ಕಾಶ್ಮೀರದಿಂದ ಕನ್ಯಾಕುಮಾರಿಗೆ ಸೈಕಲ್ ತುಳಿಯಬೇಕು ಅನ್ನುವುದು ನಮ್ಮ ನಾಲ್ವರ ಕಾಲೇಜು ದಿನಗಳ ಆಸೆ. ಆದರೆ ಎನ್‌ಎಚ್ 44 ಅಂದರೆ ಹತ್ತಿರ ಹತ್ತಿರ 3,700 ಕಿ.ಮೀ. ದಿನಕ್ಕೆ 100 ಹೊಡೆದರೂ ತಿಂಗಳ ಮೇಲೆ ಒಂದು ವಾರ. ಅಷ್ಟು ರಜೆ ಯಾರು ಕೊಡುತ್ತಾರೆ? ಅದಕ್ಕೇ ಈ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯಿಂದಲೇ ಕನ್ಯಾಕುಮಾರಿಗೆ ಹೋಗೋಣ ಅಂತ ಮಾಡಿದ್ದೇವೆ. ಕೈಯಲ್ಲಿ 14 ದಿನ ಇದೆ. ಮೂವರದ್ದು ಸಾದಾ ಗೇರ್ ಸೈಕಲ್, ಒಬ್ಬನದು ತೆಳ್ಳನೆ ಟೈರಿನ ರೋಡ್ ಬೈಕ್. ಬೆಂಗಳೂರು ಮೇಲೆ ಹೋಗುವುದಾ, ಕರಾವಳಿ ಹಿಡಿಯುವುದಾ? ಇನ್ನೊಂದು ಚಿಂತೆ, ನಮ್ಮಲ್ಲಿ ಒಬ್ಬ ಬಹಳ ಜೋರು, ಒಬ್ಬ ಬಹಳ ನಿಧಾನ. ಮನೆಯಲ್ಲಿ ಅವ್ವ ಆಗಲೇ "ಯಾಕೋ, ಬಸ್ಸಿಗೆ ರೊಕ್ಕ ಇಲ್ಲೇನು?" ಅಂತ ಕೇಳಿ ಆಯಿತು.

ಧಾರವಾಡದ ಕಾಕಾ:

ತಮ್ಮಾ, ಇದೇ ದಾರಿಯನ್ನು ನಾನು 2022ರ ಡಿಸೆಂಬರ್‌ನಲ್ಲಿ ಮೂವರು ಗೆಳೆಯರ ಜೊತೆ ತುಳಿದಿದ್ದೇನೆ. ಆಗ ನನಗೆ 51. ಒಬ್ಬರು ಹೈಸ್ಕೂಲಿನ ಪಿಟಿ ಮೇಷ್ಟ್ರು, ಒಬ್ಬ ಔಷಧ ಅಂಗಡಿಯವ, ಇನ್ನೊಬ್ಬ ನವಲಗುಂದ ಕಡೆಯ ರೈತ. 13 ದಿನ ಹಿಡಿಯಿತು.

ಕರಾವಳಿಯನ್ನೇ ಹಿಡಿಯಿರಿ. ಬೆಂಗಳೂರು ಕಡೆ ರಸ್ತೆ ಅಗಲ ಇದೆ, ನಿಜ. ಆದರೆ ದಿನವಿಡೀ ಲಾರಿಯ ಹಿಂಭಾಗ ನೋಡಿಕೊಂಡು ಹೋಗುವುದಕ್ಕೆ ಸೈಕಲ್ ಯಾಕೆ ಬೇಕು? ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದರೆ ಅಂಕೋಲಾ. ಅಲ್ಲಿಂದ ಎನ್‌ಎಚ್ 66 ಹಿಡಿದು ದಕ್ಷಿಣಕ್ಕೆ. ಒಟ್ಟು 1,100 ಕಿ.ಮೀ. ಆಸುಪಾಸು. ಯಾರಿಗಾದರೂ ಜ್ವರ ಬಂತು ಅಂದುಕೊಳ್ಳಿ, ಕುಮಟಾ, ಭಟ್ಕಳ, ಉಡುಪಿ ಎಲ್ಲ ಕಡೆ ಕೊಂಕಣ ರೈಲು ಇದೆ. ಮನೆಯವರಿಗೆ ಇದನ್ನು ಮೊದಲು ಹೇಳಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಅರಬೈಲ್ ಇಳಿಯುವಾಗ ಬ್ರೇಕ್ ಹಿಡಿದುಕೊಂಡೇ ಇರಬೇಡಿ, ಸಾಮಾನಿನ ಭಾರಕ್ಕೆ ರಿಮ್ ಕಾಯುತ್ತದೆ. ಒತ್ತಿ ಬಿಡಿ, ಒತ್ತಿ ಬಿಡಿ. ಹಿಂದೆ ಟ್ಯಾಂಕರ್ ಬಂದರೆ ಪಕ್ಕಕ್ಕೆ ಇಳಿದು ನಿಲ್ಲಿ. ಮರ್ಯಾದೆ ಏನೂ ಹೋಗಲ್ಲ.

ಇನ್ನು ಸ್ಪೀಡಿನ ವಿಷಯ. ಮೊದಲ ಮೂರು ದಿನ ಎಲ್ಲರೂ ಒಟ್ಟಿಗೇ ಹೋಗಬೇಕು ಅಂತ ಹಠ ಮಾಡಿದೆವು. ಮೇಷ್ಟ್ರು ಗಂಟೆಗೆ 24, ಔಷಧದವ 14. ಮೇಷ್ಟ್ರಿಗೆ ಕಾಲು ಕಟ್ಟಿಹಾಕಿದ ಹಾಗೆ, ಇವನಿಗೆ ಎದೆಯಲ್ಲಿ ತಿದಿ ಊದಿದ ಹಾಗೆ. ನಾಲ್ಕನೇ ದಿನ ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಒಂದು ಕಡೆ ಸೌಪರ್ಣಿಕಾ ನದಿ. ಫೋಟೋಕ್ಕೆ ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದಕ್ಕೇ ಮಾತು ಬೆಳೆಯಿತು. "ನಿಮ್ಮ ಪಾಡಿಗೆ ನೀವು ಹೋಗಿ" ಅಂದೆವು. ಮೇಷ್ಟ್ರು ಹೋದರು. ರೈತನೂ ಅವರ ಬೆನ್ನು ಹತ್ತಿದ.

ಸಾಲಿಗ್ರಾಮದ ಹತ್ತಿರ ಔಷಧದವನ ಹಿಂದಿನ ಗಾಲಿ ಪಂಕ್ಚರ್. ಪಂಪು, ತೇಪೆ, ಟೈರ್ ಎಬ್ಬಿಸುವ ಲಿವರ್ ಎಲ್ಲ ಮೇಷ್ಟ್ರ ಚೀಲದಲ್ಲಿ. ಮೇಷ್ಟ್ರು 11 ಕಿ.ಮೀ. ಮುಂದೆ, ಬ್ಯಾಟರಿ ಉಳಿಸಲಿಕ್ಕೆ ಫೋನ್ ಬಂದ್. ರೈತನದು ರಿಂಗ್ ಆಗುತ್ತಿತ್ತು, ಅವನು ಎತ್ತುತ್ತಿರಲಿಲ್ಲ. ಬಿಸಿಲಲ್ಲಿ ತಳ್ಳಿಕೊಂಡು ಒಂದು ಪಂಕ್ಚರ್ ಅಂಗಡಿ ಮುಟ್ಟಿದೆವು. ಪಾಪ, ಅವನು ತೇಪೆ ಚೆನ್ನಾಗೇ ಹಾಕಿದ. ಆದರೆ ಟ್ಯೂಬಿಗೆ ಗಾಳಿ ತುಂಬುವ ಆ ತೆಳ್ಳನೆ ಮೂತಿಗೆ, ಪ್ರೆಸ್ಟಾ ವಾಲ್ವ್ ಅನ್ನುತ್ತಾರಲ್ಲ ಅದಕ್ಕೆ, ಅವನ ಪಂಪು ಕೂರಲೇ ಇಲ್ಲ. ಬೆರಳ ತುದಿಯಷ್ಟು ದೊಡ್ಡ ಹಿತ್ತಾಳೆ ಅಡಾಪ್ಟರ್ ಬರುತ್ತದೆ, ಅದೊಂದು ಇದ್ದಿದ್ದರೆ ಐದು ನಿಮಿಷದ ಕೆಲಸ. ನಿಮ್ಮ ರೋಡ್ ಬೈಕಿನವನಿಗೆ ಇವತ್ತೇ ಕೊಡಿಸಿ.

ಆ ರಾತ್ರಿ ಉಡುಪಿಯ ಲಾಡ್ಜಿನಲ್ಲಿ ಜಗಳ ಜೋರಾಯಿತು. ಒಬ್ಬ ಬಸ್ ಹುಡುಕುತ್ತಿದ್ದ, ಯಾರು ಅಂತ ಹೇಳಲ್ಲ. ಬೆಳಿಗ್ಗೆ ಇಡ್ಲಿ ತಿನ್ನುತ್ತಾ ಒಪ್ಪಂದವಾಯಿತು. ಪಂಪು, ಸಾಮಾನು ಎಲ್ಲ ಹಿಂದೆ ಉಳಿಯುವವನ ಹತ್ತಿರ. ಅವನು ಎಲ್ಲರಿಗಿಂತ ಅರ್ಧ ತಾಸು ಮೊದಲು ಹೊರಡಬೇಕು. 20 ಕಿ.ಮೀ.ಗೆ ಒಂದು ಊರು ಗೊತ್ತು ಮಾಡಿ, ನಾಲ್ವರೂ ಸೇರುವ ತನಕ ಯಾರೂ ಅದನ್ನು ದಾಟುವ ಹಾಗಿಲ್ಲ. ಮಾರನೇ ದಿನದಿಂದ ಬೆಳಗಿನ ಮೊದಲ ಚಹಾ ಔಷಧದವನದೇ. ಮೇಷ್ಟ್ರು ಬೆವರು ಒರೆಸಿಕೊಂಡು ಬಂದರೆ ಇವನು ಕಾಲು ಚಾಚಿ ಪೇಪರ್ ನೋಡುತ್ತಿರುತ್ತಿದ್ದ. ಮಲಯಾಳಂ ಪೇಪರ್!

ಕಾಸರಗೋಡಿನಿಂದ ಕಣ್ಣೂರು ತನಕ ಏರು, ಇಳಿವು, ಮತ್ತೆ ಏರು. ಅಲ್ಲಿ ದಿನಕ್ಕೆ 70 ಸಾಕು. ಕೇರಳದಲ್ಲಿ ನಾವು ಹೋದಾಗ ಹೈವೇ ಅಗಲ ಮಾಡುತ್ತಿದ್ದರು, ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಹೋದದ್ದು. ಕೊಚ್ಚಿಯಲ್ಲಿ ಊರೊಳಗೆ ಸಿಕ್ಕಿಹಾಕಿಕೊಳ್ಳಬೇಡಿ. ವೈಪಿನ್ ದ್ವೀಪದ ಮೇಲೆ ಬಂದು, ವಾಹನ ಹತ್ತಿಸುವ ದೋಣಿಯಲ್ಲಿ ಸೈಕಲ್ ಸಮೇತ ಫೋರ್ಟ್ ಕೊಚ್ಚಿಗೆ ದಾಟಿ. ಅಲ್ಲಿಂದ ಚೆಲ್ಲಾನಂ ಮೇಲೆ ಆಲಪ್ಪುಳಕ್ಕೆ ಕಡಲ ಪಕ್ಕದ ದಾರಿ.

ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯುತ್ತೀರಿ, ಗೊತ್ತು. ಬಟ್ಟೆಯಲ್ಲಿ ಸುತ್ತಬೇಡಿ. ನಮ್ಮವು ಘಟ್ಟ ಇಳಿದ ಎರಡೇ ದಿನಕ್ಕೆ ತಂಗಳು ಚಪಾತಿ ಆಗಿದ್ದವು.

ಗದಗಿನ ಗಾಳಿ:

ಕಾಕಾ ಹೇಳಿದ್ದು ಸರಿ. ನಾನು ಪ್ರಾಕ್ಟೀಸ್ ಬಗ್ಗೆ ಹೇಳುತ್ತೇನೆ. ಈಗ ಮಳೆಗಾಲ, ಗಾಳಿ ಪಡುವಣದಿಂದ ಬೀಸುತ್ತಿದೆ. ಭಾನುವಾರ ಹುಬ್ಬಳ್ಳಿಯಿಂದ ಅಣ್ಣಿಗೇರಿ ಮೇಲೆ ಗದಗಿಗೆ ಬನ್ನಿ, 58 ಕಿ.ಮೀ. ಬರುವಾಗ ಗಾಳಿಯೇ ತಳ್ಳುತ್ತದೆ, ಭಾರಿ ಸವಾರರು ಅನ್ನಿಸುತ್ತದೆ. ಮಿರ್ಚಿ ತಿಂದು ತಿರುಗಿದಿರೋ, ಎದುರು ಗಾಳಿ. ನಮ್ಮ ಕಪ್ಪತಗುಡ್ಡದ ಸುತ್ತ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಪ್ರವಾಸಕ್ಕೆ ಒಯ್ಯುವ ಚೀಲ ತುಂಬಿಕೊಂಡೇ ಬರಬೇಕು. ಖಾಲಿ ಸೈಕಲ್ ಮೇಲೆ ಮಾಡಿದ ಪ್ರಾಕ್ಟೀಸ್ ಲೆಕ್ಕಕ್ಕಿಲ್ಲ.

ಬ್ಯಾಡಗಿ ಮೆಣಸಿನಕಾಯಿ:

ವಾಪಸ್ ಬರುವುದನ್ನು ಯಾರೂ ಕೇಳಲಿಲ್ಲ ಅಲ್ವಾ? ಕನ್ಯಾಕುಮಾರಿಯಿಂದ ಬೆಂಗಳೂರಿಗೆ ಐಲ್ಯಾಂಡ್ ಎಕ್ಸ್‌ಪ್ರೆಸ್ ಇದೆ, ಅಲ್ಲಿಂದ ಹುಬ್ಬಳ್ಳಿಗೆ ಬೇಕಾದಷ್ಟು ರೈಲು. ಸೈಕಲ್‌ಗಳನ್ನು ಪಾರ್ಸಲ್ ಆಫೀಸಿನಲ್ಲಿ ಬುಕ್ ಮಾಡಬೇಕು, ಹಾಗಾಗಿ ಸಾಕಷ್ಟು ಮೊದಲೇ ಹೋಗಿ. ಲೈಟು, ಬೆಲ್ಲು, ಬಾಟಲಿ ಬಿಚ್ಚಿಕೊಳ್ಳಿ. ಪೆಡಲ್ ಕಳಚಿ ಚೀಲಕ್ಕೆ ಹಾಕಿ, ಹ್ಯಾಂಡಲ್ ತಿರುಗಿಸಿ ಗೋಣಿತಟ್ಟು ಸುತ್ತಿ. ಹಾಂ, ಹಿಂದಿನ ಗಾಲಿಗೆ ನಾಲ್ಕು ಸ್ಪೋಕ್ ಜಾಸ್ತಿ ಇಟ್ಟುಕೊಳ್ಳಿ. ಭಾರ ಎಲ್ಲ ಅದರ ಮೇಲೇ ಬೀಳುವುದು.

ಉಣಕಲ್ ಹುಡುಗ:

ಎಲ್ಲರಿಗೂ ಥ್ಯಾಂಕ್ಸ್. ಅಡಾಪ್ಟರ್ ಇವತ್ತೇ ತಂದೆ, ನಾಲ್ಕು ತಂದೆ. ಬರುವ ಭಾನುವಾರ ಬೆಳಿಗ್ಗೆ ಐದೂವರೆಗೆ ಗದಗ ಕಡೆ ಹೊರಡುತ್ತೇವೆ. ಕಾಕಾ, ನೀವೂ ಬರುತ್ತೀರಾ?

ಧಾರವಾಡದ ಕಾಕಾ:

ಬರುತ್ತೇನೆ. ಔಷಧದವನೂ ಬರುತ್ತಾನಂತೆ. ನಾವು ಐದಕ್ಕೇ ಹೊರಟಿರುತ್ತೇವೆ, ಅಣ್ಣಿಗೇರಿಯಲ್ಲಿ ಚಹಾ ಅಂಗಡಿಯಲ್ಲಿ ಸಿಗಿ. ಪಂಪು ನನ್ನ ಹತ್ತಿರ ಇರುತ್ತದೆ.