ರೆಗೆಕ್ಸ್‌ನ 'ಗ್ರೀಡಿ', 'ಲೇಜಿ'ಗೆ ಬಾಚು, ಹೆಕ್ಕು ಅನ್ನಬಹುದಾ?

ನಮಸ್ಕಾರ. ಒಂದಷ್ಟು ಹುಡುಗರಿಗೆ ಕನ್ನಡದಲ್ಲೇ ಕೋಡಿಂಗ್ ಹೇಳ್ಕೊಡ್ತಿದೀನಿ, ರೆಗ್ಯುಲರ್ ಎಕ್ಸ್‌ಪ್ರೆಶನ್ (ಚಿಕ್ಕದಾಗಿ ರೆಗೆಕ್ಸ್, ಬರಹದಲ್ಲಿ ಬೇಕಾದ್ದನ್ನ ಹುಡುಕೋಕೆ ಬರೆಯೋ ಗುರುತಿನ ನಮೂನೆ) ಪಾಠಕ್ಕೆ ಬಂದಾಗ 'ಗ್ರೀಡಿ', 'ಲೇಜಿ' ಅನ್ನೋ ಎರಡು ಪದದ ಹತ್ರ ನಿಂತುಬಿಟ್ಟೆ. ರೆಗೆಕ್ಸ್ ಅನ್ನೋದನ್ನ ಹಾಗೇ ಇಟ್ಕೊಂಡಿದೀನಿ, ಅದಕ್ಕೆ ತಕರಾರಿಲ್ಲ. ಈ ಸಾಲು ನೋಡಿ:

ಹೆಸರು = "ರಾಮ"; ಊರು = "ಹಾಸನ";

ಕೋಟ್ ಒಳಗಿರೋದನ್ನೆಲ್ಲ ಖಾಲಿ ಮಾಡೋಣ ಅಂತ ಫೈಂಡ್‌ನಲ್ಲಿ ".*" (.* ಅಂದ್ರೆ ಯಾವ ಅಕ್ಷರ ಆದ್ರೂ, ಎಷ್ಟಾದ್ರೂ) ಹಾಕಿ ರಿಪ್ಲೇಸ್‌ನಲ್ಲಿ "" ಕೊಟ್ರೆ ರಾಮನ ಜತೆಗೆ ಊರೂ ಹೋಗಿ ಹೆಸರು = ""; ಇಷ್ಟೇ ಉಳಿಯುತ್ತೆ, ಅದೂ ಸರಿಯಾದ ಕೋಡೇ ಆಗಿರೋದ್ರಿಂದ ಆ ಸಾಲಿಗೆ ಕೆಂಪು ಗೆರೆನೂ ಬರಲ್ಲ. ಹೋದ ತಿಂಗಳು ನಾನು ರಿಪ್ಲೇಸ್ ಆಲ್ ಒತ್ತಿ ಒಂದಿಡೀ ಸಂಜೆ ಇದನ್ನೇ ಸರಿಮಾಡ್ತಾ ಕೂತಿದ್ದೆ.

ಹೀಗೆ ಆದಷ್ಟೂ ಜಾಸ್ತಿ ಹಿಡಿಯೋದೇ 'ಗ್ರೀಡಿ', ಇದನ್ನ 'ದುರಾಸೆ' ಅಂತ ಕನ್ನಡ ಮಾಡೋರಿದಾರೆ. ನನಗೆ ಒಪ್ಪಿಗೆ ಇಲ್ಲ. ದುರಾಸೆಯವನು ಕೈಗೆ ಬಂದಿದ್ದನ್ನ ವಾಪಸ್ ಕೊಡಲ್ಲ, ಆದ್ರೆ .* ಸಾಲಿನ ಕೊನೆವರೆಗೂ ಬಾಚ್ಕೊಂಡು, ಮುಚ್ಚೋ ಕೋಟ್ ಬೇಕಲ್ಲ ಅಂತ ಹಿಂದಿಂದ ಒಂದೊಂದೇ ಅಕ್ಷರ ಬಿಟ್ಟುಕೊಡ್ತಾ ಬರುತ್ತೆ. ಅದಕ್ಕೇ 'ಬಾಚು' ಹೊಳೀತು, ಕಣದಲ್ಲಿ ರಾಶಿ ಬಾಚ್ದಾಗ ಕಸಕಡ್ಡಿನೂ ಜತೆಗೇ ಬರುತ್ತಲ್ಲ ಹಾಗೆ.

'ಲೇಜಿ'ಗೆ 'ಸೋಮಾರಿ' ಅನ್ನೋದಂತೂ ಪೂರಾ ತಪ್ಪು ಅನ್ಸುತ್ತೆ. ".*?" ಮೊದಲು ಏನೂ ತಗೊಳಲ್ಲ, ಕೋಟ್ ಬಂತಾ ನೋಡುತ್ತೆ, ಇಲ್ಲಾಂದ್ರೆ ಒಂದು ಅಕ್ಷರ ತಗೊಂಡು ಮತ್ತೆ ನೋಡುತ್ತೆ, ಪ್ರತಿ ಹೆಜ್ಜೆಗೂ ಹೀಗೆ ನಿಂತು ನೋಡೋದನ್ನ ಸೋಮಾರಿ ಅಂದ್ರೆ ಹುಡುಗರ ತಲೇಲಿ ಉಲ್ಟಾ ಚಿತ್ರ ಕೂರುತ್ತೆ. ಕೋಳಿ ಒಂದೊಂದೇ ಕಾಳು ಹೆಕ್ಕುತ್ತಲ್ಲ, ಅದೇ ಇದು.

ಹಿಡಿದಿದ್ದನ್ನ ಬಿಡದೇ ಇರೋ ಮೂರನೇದೂ ಒಂದಿದೆ, ಪೊಸೆಸಿವ್, .*+ ಅಂತ ಬರೀತಾರೆ, ಜಾವಾದಲ್ಲಿ ಮುಂಚಿಂದ ಇತ್ತು, ಪೈಥಾನ್‌ಗೆ 2022ರಲ್ಲಿ 3.11ರ ಜತೆ ಬಂತು. ಮೇಲಿನ ಸಾಲಿಗೆ ".*+" ಕೊಟ್ರೆ ಮುಚ್ಚೋ ಕೋಟನ್ನೂ ನುಂಗಿ ಕೂತ್ಕೊಳುತ್ತೆ, ಏನೂ ಸಿಗಲ್ಲ. ಇದಕ್ಕೆ 'ಉಡದ ಪಟ್ಟು' ಬಿಟ್ಟು ಬೇರೆ ಮಾತೇ ಬೇಡ.

ನನ್ನ ಅನುಮಾನ ಇರೋದು 'ಹೆಕ್ಕು' ಬಗ್ಗೆ. ಮಂಗಳೂರು ಕಡೆಯವರ ಬಾಯಲ್ಲಿ ಇದು ದಿನಾ ಓಡಾಡುತ್ತೆ, ನಮ್ಮ ಕಡೆ 'ಆರಿಸು', 'ಆಯ್ಕೋ' ಅಂತೀವಿ, ಆದ್ರೆ ಅದ್ರಲ್ಲಿ ಒಳ್ಳೇದು ಇಟ್ಕೊಂಡು ಕೆಟ್ಟದ್ದು ಬಿಡೋ ಅರ್ಥ ಸೇರ್ಕೊಂಡಿದೆ, ಇಲ್ಲಿ ಅದು ಬೇಡ. ಧಾರವಾಡ, ಕಲಬುರಗಿ ಕಡೆಯವರು ನೆಲದ ಮೇಲೆ ಚೆಲ್ಲಿದ ಕಾಳನ್ನ ಒಂದೊಂದಾಗಿ ಎತ್ಕೊಳೋದಕ್ಕೆ ಏನಂತೀರಿ?