ನಮ್ಮೂರ ಮಿಲ್ಟ್ರಿ ಅಜ್ಜ ಹೋದ್ರು, ನೆನಪಿನ ಕಾರ್ಯಕ್ರಮಕ್ಕೆ ಡೊಳ್ಳು ಇಡಬಹುದಾ?

ಆನಂದಪುರದ ಕಡೆಯವ:
ಎಲ್ರಿಗೂ ನಮಸ್ಕಾರ. ನಮ್ದು ಸಾಗರ ತಾಲ್ಲೂಕು, ಆನಂದಪುರದ ಹತ್ರ ಹಳ್ಳಿ. ನಮ್ಮೂರಲ್ಲಿ ಒಬ್ರು ಮಾಜಿ ಸೈನಿಕರಿದ್ರು, ಊರಿಗೆಲ್ಲ ಮಿಲ್ಟ್ರಿ ಅಜ್ಜ. ಹೋದ ತಿಂಗಳು ತೀರ್ಕೊಂಡ್ರು, ವಯಸ್ಸಾಗಿತ್ತು, ಮಲಗಿದಲ್ಲೇ ಹೋದ್ರು. ಮದ್ರಾಸ್ ಸ್ಯಾಪರ್ಸ್ ಅಂತ ಸೈನ್ಯದ ಎಂಜಿನಿಯರ್ ಪಡೆ ಇದೆಯಲ್ಲ, ಅದ್ರಲ್ಲಿದ್ದವ್ರು, 1971ರ ಪಾಕಿಸ್ತಾನದ ಯುದ್ಧದಲ್ಲಿ ಬಸಂತರ್ ನದಿ ಹತ್ರ ಮೈನ್ (ನೆಲಬಾಂಬ್) ತೆಗೆದಿದ್ರಂತೆ. ಆದ್ರೆ ಊರಲ್ಲಿ ಅವ್ರು ಫೇಮಸ್ ಆಗಿದ್ದು ಕುಣಿತಕ್ಕೆ. ಬಡಾಖಾನಾದಲ್ಲಿ, ಅಂದ್ರೆ ಸೈನ್ಯದಲ್ಲಿ ಎಲ್ರೂ ಸೇರಿ ಮಾಡೋ ದೊಡ್ಡೂಟದಲ್ಲಿ, ಪಂಜಾಬಿಗಳ ಜೊತೆ ಕಲ್ತ ಭಾಂಗ್ಡಾನ ತಂದು ನಮ್ಮ ಡೊಳ್ಳಿಗೆ ಸೇರ್ಸಿಬಿಟ್ಟಿದ್ರು, ಹೊಟ್ಟೆ ಮುಂದೆ ಡೊಳ್ಳು ಜೋತಾಡ್ತಿದ್ರೂ ಭುಜ ಮಾತ್ರ ಪಂಜಾಬಿ, ನಮ್ಮ ಟೀಮಿನ ಹಿರೇರು ಬೈದು ಬೈದು ಸಾಕಾಗಿ ಕೊನೆಗೆ ಅವ್ರೂ ಭುಜ ಕುಣಿಸೋಕೆ ಶುರು ಮಾಡಿದ್ರು.

ಈಗ ಯುವಕ ಸಂಘದಿಂದ ಒಂದು ಕಾರ್ಯಕ್ರಮ ಮಾಡೋಣ ಅಂತಿದೀವಿ. ಒಂದಿಬ್ರು ವರ್ಷಾಂತಿಕ ಆಗೋವರೆಗೆ ಡೊಳ್ಳು ಬೇಡ ಅಂತಾರೆ, ಅಜ್ಜಿ ನೋಡಿದ್ರೆ ಡೊಳ್ಳಿಲ್ದೆ ಎಂತ ಕಾರ್ಯಕ್ರಮ ಮಾಡ್ತೀರೋ ಅಂತ ನಮ್ಗೇ ಬೈತಿದಾರೆ. ಬ್ಯಾನರಿಗೆ ನಮ್ಮ ಹುಡುಗ್ರು "ಶತ್ರುಗಳ ರುಂಡ ಚೆಂಡಾಡಿದ ವೀರ ಯೋಧ" ಅಂತ ಬರ್ದಿಟ್ಟಿದಾರೆ, ನಂಗೆ ಯಾಕೋ ಸರಿ ಕಾಣ್ತಿಲ್ಲ. ಟ್ರಂಕಲ್ಲಿ ಮೂರು ಮೆಡಲ್ ಸಿಕ್ಕಿದೆ, ಒಂದು ನಕ್ಷತ್ರದ ಥರ, ಎರಡು ದುಂಡಗಿದೆ. ಅವು ಎಂತದ್ದು ಅಂತ ಯಾರಾದ್ರೂ ಹೇಳ್ತೀರಾ?

ರಿಟೈರ್ಡ್ ಹವಾಲ್ದಾರ್:
ಅಜ್ಜನಿಗೆ ನನ್ನ ಸೆಲ್ಯೂಟ್. ನಕ್ಷತ್ರದ್ದು ಪಶ್ಚಿಮಿ ಸ್ಟಾರ್ ಇರ್ಬೇಕು, 71ರಲ್ಲಿ ಪಶ್ಚಿಮ ಗಡೀಲಿ ಇದ್ದವ್ರಿಗೆ ಕೊಟ್ಟಿದ್ದು, ಪೂರ್ವದಲ್ಲಿದ್ದವ್ರಿಗೆ ಪೂರ್ವಿ ಸ್ಟಾರ್. ದುಂಡಗಿರೋದ್ರಲ್ಲಿ ಒಂದು ಸಂಗ್ರಾಮ್ ಮೆಡಲ್ ಇರುತ್ತೆ, ಇನ್ನೊಂದು ಸ್ವಾತಂತ್ರ್ಯದ 25ನೇ ವರ್ಷದ್ದು ಇರ್ಬಹುದು, ಅದು 1972ರಲ್ಲಿ ಸರ್ವಿಸ್‌ನಲ್ಲಿದ್ದವ್ರಿಗೆಲ್ಲ ಬಂದಿದೆ. ಅಂಚನ್ನ ಹತ್ತಿ ಬಟ್ಟೇಲಿ ಮೆಲ್ಲಗೆ ಒರೆಸಿ ನೋಡಿ, ನಂಬರ್, ರ‍್ಯಾಂಕ್, ಹೆಸರು ಕೆತ್ತಿರ್ತಾರೆ. ಹುಣಸೆಹಣ್ಣು ಹಾಕಿ ತಿಕ್ಕೋಕೆ ಮಾತ್ರ ಹೋಗ್ಬೇಡಿ ಮಾರಾಯ್ರೆ. ಮತ್ತೆ ಇವು ಶೌರ್ಯ ಪ್ರಶಸ್ತಿ ಅಲ್ಲ, ಹಂಗಂತ ಬ್ಯಾನರಲ್ಲಿ ಹಾಕ್ಬೇಡಿ.

ರುಂಡ ಚೆಂಡಾಡಿದ್ದು ತೆಗೀರಿ ಮೊದ್ಲು. ಅರುಣ್ ಖೇತ್ರಪಾಲ್ ಅವ್ರಿಗೆ ಪರಮವೀರ ಚಕ್ರ ಬಂತಲ್ಲ, ಅದೇ ಬಸಂತರ್ ಕಾಳಗ. ಅಲ್ಲಿ ಟ್ಯಾಂಕ್ ನದಿ ದಾಟ್ಬೇಕಂದ್ರೆ ಮುಂಚೆ ಸ್ಯಾಪರ್‌ಗಳು ರಾತ್ರಿ ಕತ್ತಲಲ್ಲಿ ಶೆಲ್ ಬೀಳ್ತಿರುವಾಗ್ಲೇ ಮೈನ್ ತೆಗ್ದು ದಾರಿ ಮಾಡ್ಬೇಕಿತ್ತು. "ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟವರು" ಅಂತ ಬರೀರಿ, ಅದು ನಿಜ, ಅದೇ ದೊಡ್ಡದು. ಡಿಸ್ಚಾರ್ಜ್ ಬುಕ್ ಇದ್ರೆ ಅದ್ರಲ್ಲಿ ಯೂನಿಟ್ ಇರುತ್ತೆ, ನೋಡ್ಕೊಂಡೇ ಹಾಕಿ. ಹಂಗೇ ಅಜ್ಜಿ ಹೆಸರಿಗೆ ಫ್ಯಾಮಿಲಿ ಪೆನ್ಶನ್ ಮಾಡ್ಸಿದೀರಾ? ಕಾರ್ಯಕ್ರಮಕ್ಕಿಂತ ಮುಂಚೆ ಅದು ಆಗ್ಲಿ.

ಚೊಗರು ಚೆಲ್ಲಿದವಳು:
ಅಯ್ಯೋ ಇವ್ರು ನಂಗೆ ಗೊತ್ತು!! ನಮ್ಮ ದೊಡ್ಡಪ್ಪನ ಮನೆ ಆ ಊರೇ. ಅಡಿಕೆ ಸುಲಿಯೋ ಟೈಮಲ್ಲಿ ನಾವೆಲ್ಲ ಮೆಟ್ಟುಗತ್ತಿ ಇಟ್ಕೊಂಡು ಕೂತಿದ್ರೆ ಇವ್ರು ರಾತ್ರಿ ಊಟ ಮುಗಿಸ್ಕೊಂಡು ಡೊಳ್ಳು ಹೊತ್ಕೊಂಡು ಬರೋರು, ಥಂಡಿಗೆ ಚರ್ಮ ಸಡಿಲ ಆಗಿರ್ತಿತ್ತಲ್ಲ, ಅಡಿಕೆ ಬೇಯ್ತಿರೋ ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂತು ಮಗು ಮೈ ಕಾಯಿಸ್ದಂಗೆ ಡೊಳ್ಳನ್ನ ತಿರುಗಿಸಿ ತಿರುಗಿಸಿ ಕಾಯಿಸೋರು, ನಡುವೆ ಬೆರಳಲ್ಲಿ ಟಣ್ ಅಂತ ಹೊಡ್ದು ಕಿವಿ ಕೊಟ್ಟು ಕೇಳೋರು, ಇನ್ನೂ ಬಂದಿಲ್ಲ ಅಂತ ಮತ್ತೆ ಬೆಂಕಿಗೆ. ಆಮೇಲೆ ನಿದ್ದೆ ತೂಗ್ತಿದ್ದೋರೆಲ್ಲ ಎದ್ದು ಕೂರೋ ಹಂಗೆ ಕುಣಿಯೋರು.

ನಂಗೆ ಕಲೀಬೇಕು ಅಂತ ಆಸೆ. ಹೆಣ್ಮಕ್ಕಳಿಗೆ ಎಂತಕ್ಕೆ ಡೊಳ್ಳು ಅಂದ ದೊಡ್ಡಪ್ಪನಿಗೆ "ನಿನ್ನ ತೋಟದ ಸೊಪ್ಪಿನ ಹೊರೆ ಹೊರ್ಬಹುದು, ಡೊಳ್ಳು ಹೊರ್ಬಾರ್ದಾ ಹೆಗ್ಡೇರೇ" ಅಂದಿದ್ರು. ದೊಡ್ಡಪ್ಪ ಎಲೆಅಡಿಕೆ ತಟ್ಟೆ ಹುಡುಕ್ತಾ ಎದ್ದು ಹೋದ್ರು 😄 ಡೊಳ್ಳು ಇಡಿ ದಯವಿಟ್ಟು, ನಾನು ಬೆಂಗಳೂರಿಂದ ಬರ್ತೀನಿ.

ಹೊಸನಗರ ಮಾವ:
ಹನ್ನೆರಡು, ಹದಿಮೂರು ಎಲ್ಲ ಕಳೀತಲ್ವಾ. ಅಜ್ಜೀನೇ ಹೂಂ ಅಂದ್ಮೇಲೆ ಬೇರೆಯವ್ರದ್ದು ಎಂತ ತಕರಾರು? ಬೀರಪ್ಪನ ಗುಡಿ ಪೂಜಾರಪ್ಪಂಗೆ ಒಂದು ಮಾತು ಕೇಳ್ಕೊಳ್ಳಿ, ಬಾಯಿ ಮುಚ್ಚುತ್ತೆ. ಡಿಸೆಂಬರ್ 16 ವಿಜಯ ದಿವಸ, ಅವತ್ತೇ ಇಟ್ಕೊಳ್ಳಿ. ಆದ್ರೆ ಕೊನೆಕೊಯ್ಲಿನ ಸಮಯ, ಬೆಳಿಗ್ಗೆ ಇಟ್ರೆ ನರಪಿಳ್ಳೆ ಬರಲ್ಲ, ರಾತ್ರಿ ಊಟ ಆದ್ಮೇಲೆ ಮಾಡಿ. ಭಾಷಣ ಕಮ್ಮಿ ಇರ್ಲಿ, ಎಮ್ಮೆಲ್ಲೆ ಕರೆದ್ರೆ ಡೊಳ್ಳಿಗೆ ಟೈಮೇ ಸಿಗಲ್ಲ.

ಆನಂದಪುರದ ಕಡೆಯವ:
ಎಲ್ರಿಗೂ ಥ್ಯಾಂಕ್ಸ್. ಬ್ಯಾನರ್ ಬದಲಾಯ್ತು. ಡೇಟ್ 16ಕ್ಕೇ ಫಿಕ್ಸ್, ರಾತ್ರಿ ಎಂಟಕ್ಕೆ, ಗುಡಿ ಮುಂದೆ. ಹವಾಲ್ದಾರ್ ಸರ್, ಅಂಚಲ್ಲಿ ಹೆಸರು ಕಾಣ್ತು, ಅಜ್ಜಿಗೆ ಓದಿ ಹೇಳಿದ್ವಿ. ಪೆನ್ಶನ್ ಕಾಗದಕ್ಕೆ ನಾಳೆ ಅವ್ರ ಮಗನ ಜೊತೆ ಬ್ಯಾಂಕಿಗೆ ಹೋಗ್ತಿದೀನಿ. ಅಕ್ಕಾ ನೀವು ಬನ್ನಿ, ಆದ್ರೆ ಬರೀ ನೋಡೋಕೆ ಅಲ್ಲ. ಇನ್ನೊಂದು, ನಮ್ಮಲ್ಲಿ ಎರಡು ಡೊಳ್ಳಿನ ಚರ್ಮ ಹರಿದಿದೆ, ಸಾಗರ ಸೊರಬ ಕಡೆ ಚರ್ಮ ಹಾಕಿ ಹಗ್ಗ ಬಿಗಿದು ಕೊಡೋರು ಯಾರಾದ್ರೂ ಗೊತ್ತಿದ್ರೆ ಮೆಸೇಜ್ ಮಾಡಿ, ಅರ್ಜೆಂಟ್ ಇದೆ.