ಓದುಗರ ಸ್ಪಂದನ: ಬೇಲಿಯ ಆಚೆಗೆ ಎರಡು ಕಂಬಳಿ

ಉತ್ತರ ಇಸ್ರೇಲಿನ ಒಂದು ಕಿಬುತ್ಸ್‌ನಿಂದ (ಸಾಮುದಾಯಿಕ ಹಳ್ಳಿಯಿಂದ) ಬಂದ ಪತ್ರವನ್ನು 2018ರ ಜುಲೈ ಮೊದಲ ವಾರ ಪ್ರಕಟಿಸಿದ್ದೆವು. ಬರೆದವರು ಕುಂದಾಪುರ ಕಡೆಯವರು. ನಾಲ್ಕು ವರ್ಷದಿಂದ ಅಲ್ಲಿ ಕೇರ್‌ಗಿವರ್. ಅವರು ನೋಡಿಕೊಳ್ಳುವ ಅಜ್ಜಿಗೆ 84. ಅಜ್ಜಿಯ ತಮ್ಮ 1973ರ ಅರಬ್-ಇಸ್ರೇಲ್ ಯುದ್ಧದಲ್ಲಿ, ಸಿರಿಯಾ ಗಡಿಯ ಗೋಲನ್ ಗುಡ್ಡದ ಮೇಲೆ ಸಿರಿಯಾದವರ ಗುಂಡಿಗೆ ಸತ್ತವರು. ಆಗ ಅದೇ ಗುಡ್ಡದ ಬೇಲಿಯ ಆಚೆ, ದಕ್ಷಿಣ ಸಿರಿಯಾದ ದರಾ ಕಡೆಯ ಯುದ್ಧಕ್ಕೆ ಹೆದರಿ ಓಡಿಬಂದ ಸಂಸಾರಗಳು ಡೇರೆ ಹಾಕಿಕೊಂಡಿದ್ದವು. ಅಜ್ಜಿಯ ಮೊಮ್ಮಗಳು ಅವರಿಗಾಗಿ ಬಟ್ಟೆ, ಆಟಿಕೆ ಒಟ್ಟು ಮಾಡುತ್ತಿದ್ದಳು. ‘ಈ ಮನೆಯಿಂದ ಒಂದು ನೂಲೂ ಹೋಗಕೂಡದು’ ಎಂದು ಅಜ್ಜಿಯ ಹಟ. ಪತ್ರ ಬರೆದವರಿಗೆ ತಮ್ಮ ಸಂಬಳದಲ್ಲಿ ಎರಡು ಕಂಬಳಿ ಕೊಡುವ ಆಸೆ. ‘ಉಪ್ಪು ತಿಂದ ಮನೆಗೆ ಎದುರು ಹೋದ ಹಾಗೆ ಆಗುತ್ತದಾ? ಜಗಳ ನನ್ನದಲ್ಲ, ನಡುವೆ ನಾನ್ಯಾಕೆ?’ ಎಂದು ಕೇಳಿದ್ದರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

*

ತಂಗಿ, ನಾನೂ ಐದು ವರ್ಷ ಅದೇ ಕೆಲಸದಲ್ಲಿದ್ದೆ. ಹಾಗಾಗಿ ನಿನ್ನ ಪತ್ರ ಎರಡು ಸಲ ಓದಿದೆ.

ನಾನು ನೋಡಿಕೊಂಡದ್ದು ಒಬ್ಬ ಅಜ್ಜನನ್ನು. ಹುಟ್ಟಿದ್ದು ಸಿರಿಯಾದ ಅಲೆಪ್ಪೊದಲ್ಲಿ. 1947ರಲ್ಲಿ ಅಲ್ಲಿ ಯಹೂದಿಗಳ ಮೇಲೆ ಗಲಭೆಯಾದ ಮೇಲೆ ಮನೆಮಂದಿಯ ಜತೆ ಎಲ್ಲವನ್ನೂ ಬಿಟ್ಟು ಬಂದವರು. ಸಿರಿಯಾ ಎಂದರೆ ಸಾಕು, ಟಿವಿ ಬಂದ್ ಮಾಡು ಅನ್ನುತ್ತಿದ್ದರು. ಅವರನ್ನು ತಪಾಸಣೆಗೆ ಉತ್ತರ ಇಸ್ರೇಲಿನ ಸಫೇದ್ ಊರಿನ ಝಿವ್ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆ. 2013ರ ಫೆಬ್ರುವರಿಯಲ್ಲಿ ಗಾಯಗೊಂಡ ಏಳು ಸಿರಿಯನ್ನರನ್ನು ಮೊದಲು ತಂದದ್ದು ಅಲ್ಲಿಗೇ. ಆಮೇಲೆ ಬರುತ್ತಲೇ ಇದ್ದರು. ಒಂದು ದಿನ ಕಾರಿಡಾರಿನಲ್ಲಿ ಗಾಲಿಕುರ್ಚಿಯಲ್ಲಿ ಒಬ್ಬ ಹುಡುಗ, ಒಂದು ಕಾಲಿಗೆ ಕಟ್ಟು. ನಮ್ಮಜ್ಜ ಅವನ ಹತ್ತಿರ ಹೋಗಿ ಅರಬ್ಬಿಯಲ್ಲಿ ಏನೋ ಕೇಳಿದರು. ಹುಡುಗ ತಲೆ ಅಲ್ಲಾಡಿಸಿದ. ಅಜ್ಜನಿಗೆ ಸಿಟ್ಟು ಬಂತು. ಕೇಳಿದ್ದೇನೆಂದರೆ, ಅಲೆಪ್ಪೊದಲ್ಲಿ ಇಂಥ ಬೀದಿಯ ಮಿಠಾಯಿ ಅಂಗಡಿ ಇನ್ನೂ ಇದೆಯಾ ಎಂದು! ಹುಡುಗ ದರಾದವನು, ಅಲೆಪ್ಪೊ ನೋಡಿಯೇ ಇರಲಿಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ ‘ಈಗಿನ ಹುಡುಗರಿಗೆ ತಮ್ಮ ದೇಶವೇ ಗೊತ್ತಿಲ್ಲ’ ಎಂದು ಗೊಣಗಿದರು. ಮುಂದಿನ ತಿಂಗಳು ತಪಾಸಣೆಗೆ ಹೊರಟಾಗ ಜೇಬಿನಲ್ಲಿ ಚಾಕಲೇಟ್ ಇತ್ತು. ಹುಡುಗ ಆಗಲೇ ಹೋಗಿಬಿಟ್ಟಿದ್ದ. ಚಾಕಲೇಟ್ ನಾನೇ ತಿಂದೆ.

ಇನ್ನೊಂದು ವಿಷಯ. ಅಲ್ಲಿಂದ ವಾಪಸು ಹೋಗುವ ರೋಗಿಗಳ ಬಟ್ಟೆಯಲ್ಲಿ ಹೀಬ್ರೂ ಚೀಟಿ ಇದ್ದರೆ ಕತ್ತರಿಸುತ್ತಿದ್ದರು. ಔಷಧಿಯ ಮೇಲೂ ಹೀಬ್ರೂ ಅಕ್ಷರ ಇರುವ ಹಾಗಿಲ್ಲ. ಶತ್ರುವಿನ ಆಸ್ಪತ್ರೆಗೆ ಹೋಗಿದ್ದರು ಎಂದು ಊರಲ್ಲಿ ಗೊತ್ತಾದರೆ ಜೀವಕ್ಕೇ ಸಂಚಕಾರ. ನಿನಗೆ ಕೊಡಲು ಅಳುಕು. ತೆಗೆದುಕೊಳ್ಳುವವರಿಗೆ ಅದಕ್ಕಿಂತ ಜಾಸ್ತಿ ಅಳುಕು.

ಕೊಡು. ಆದರೆ ಸಾವ್ತಾಗೆ (ಹೀಬ್ರೂನಲ್ಲಿ ಅಜ್ಜಿ) ಹೇಳಿ ಕೊಡು. ಹಿಂದಿನ ಬಾಗಿಲಲ್ಲಿ ಚೀಲ ದಾಟಿಸಬೇಡ. ಬೈಯಲಿ, ಎರಡು ದಿನ ಮಾತು ಬಿಡಲಿ. ಮದ್ದು ಕೊಡುವ ಹೊತ್ತಿಗೆ ನಿನ್ನ ಹೆಸರನ್ನೇ ಕರೆಯಬೇಕಲ್ಲ.

— ಶಿರ್ವ, ಉಡುಪಿ ಜಿಲ್ಲೆ

*

ವೀಸಾ ಕೇರ್‌ಗಿವರ್ ಕೆಲಸಕ್ಕೆ ಅಂಟಿಕೊಂಡಿದೆ, ಗೊತ್ತಲ್ಲ? ನಾಲ್ಕು ವರ್ಷ ಆಗಿದೆ ಅಂತೀರಿ. ಊರಲ್ಲಿ ಸಾಲ ತೀರಿದೆಯಾ? ಮಕ್ಕಳ ಫೀಸು? ಅಜ್ಜಿ ಮುನಿಸಿಕೊಂಡು ಬೇರೆಯವರನ್ನು ಇಟ್ಟುಕೊಂಡರೆ ಆ ಮೊಮ್ಮಗಳು ಬಂದು ಕಾಪಾಡುತ್ತಾಳಾ? ಸುಮ್ನೆ ಇರಿ ಅಕ್ಕ. ಕೊಡಲೇಬೇಕೆಂದರೆ ಊರಿಗೆ ಬಂದಾಗ ಕೊಡಿ, ಇಲ್ಲೂ ಮಳೆಗೆ ಮನೆ ಬಿದ್ದವರಿದ್ದಾರೆ.

— ಬಂಟ್ವಾಳ

*

ನಾನು ನಿವೃತ್ತ ಸೈನಿಕ. ಸಿರಿಯಾ, ಇಸ್ರೇಲ್ ನಡುವೆ 1974ರ ಒಪ್ಪಂದದ ಪ್ರಕಾರ ವಿಶ್ವಸಂಸ್ಥೆಯ ಪಡೆ ನಿಂತಿದೆ. 2006ರಿಂದ ಅದರಲ್ಲಿ ನಮ್ಮ ಸೈನ್ಯವೂ ಇದೆ. ನಾನು ಅಲ್ಲಿದ್ದದ್ದು ಸಿರಿಯಾದಲ್ಲಿ ಗಲಾಟೆ ಶುರುವಾಗುವ ಮೊದಲು. ಆಗ ಆ ಗಡಿಯಲ್ಲಿ ದಾಟುತ್ತಿದ್ದದ್ದು ಸೇಬು! ಗೋಲನ್‌ನ ಡ್ರೂಜ್ ಎಂಬ ಧಾರ್ಮಿಕ ಸಮುದಾಯದ ರೈತರು ಬೆಳೆದ ಸೇಬು ರೆಡ್‌ಕ್ರಾಸ್ ಮೂಲಕ ಸಿರಿಯಾಕ್ಕೆ ಹೋಗುತ್ತಿತ್ತು. ಮಾತು ಬಿಟ್ಟ ಎರಡು ದೇಶ, ನಡುವೆ ಸೇಬಿನ ಲಾರಿ.

ಹಾಗಂತ ಕಣ್ಣು ಮುಚ್ಚಿ ಕೊಡಿ ಅನ್ನಲಾರೆ. ಸರ್ಕಾರಗಳು ಲೆಕ್ಕ ಹಾಕಿಯೇ ಕೊಡುತ್ತವೆ. ಇರಾನ್, ಲೆಬನಾನಿನ ಸಶಸ್ತ್ರ ಗುಂಪು ಹಿಜ್ಬುಲ್ಲಾದವರು ಬೇಲಿಯ ಹತ್ತಿರ ಬರಬಾರದು, ಅಲ್ಲಿಯ ಜನ ಇಸ್ರೇಲ್ ಮೇಲೆ ಮುನಿಯಬಾರದು ಎಂಬ ಲೆಕ್ಕ ಅದು. 2018ರ ಜೂನ್ ಕೊನೆಯಲ್ಲಿ ಒಂದೇ ರಾತ್ರಿ ಇಸ್ರೇಲ್ ಸೈನ್ಯ ಆಚೆಗೆ 300 ಡೇರೆ, 13 ಟನ್ ಆಹಾರ, 15 ಟನ್ ಮಕ್ಕಳ ಆಹಾರ ಸಾಗಿಸಿತು. ಆದರೆ ಆಶ್ರಯ ಕೇಳಿ ಬಂದವರಿಗೆ ಬೇಲಿ ತೆರೆಯುವುದಿಲ್ಲ ಎಂದು ಅದೇ ಉಸಿರಿನಲ್ಲಿ ಹೇಳಿತು. ಜೋರ್ಡಾನ್ ಕೂಡ ಆಗ ಬಾಗಿಲು ಹಾಕಿಕೊಂಡಿತ್ತು. 2015ರ ಜೂನ್‌ನಲ್ಲಿ ಗೋಲನ್‌ನಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಗಾಯಗೊಂಡ ಸಿರಿಯನ್ನರಿದ್ದ ಆಂಬುಲೆನ್ಸನ್ನು ಡ್ರೂಜ್ ಜನರ ಗುಂಪು ತಡೆದು ಒಬ್ಬನನ್ನು ಹೊಡೆದು ಕೊಂದಿತು. ಆಚೆ ಇರುವ ತಮ್ಮ ನೆಂಟರನ್ನು ಕೊಲ್ಲುವ ಬಂಡುಕೋರರಿಗೇ ಇಲ್ಲಿ ಮದ್ದು ಹಾಕುತ್ತಿದ್ದಾರೆ ಎಂಬುದು ಅವರ ಸಿಟ್ಟು. ಆ ಸಿಟ್ಟು ಪೂರ್ತಿ ಸುಳ್ಳೂ ಆಗಿರಲಿಲ್ಲ. ಬಂದ ಗಾಯಾಳುಗಳಲ್ಲಿ ಬಂದೂಕು ಹಿಡಿದವರೂ ಇದ್ದರು.

ಮಕ್ಕಳ ಬಟ್ಟೆ ಹಾಕಿಕೊಂಡು ಯಾರೂ ಯುದ್ಧ ಮಾಡುವುದಿಲ್ಲ. ಅಂಥದ್ದನ್ನು ಕೊಡಿ. ಆ ಅಜ್ಜಿಯನ್ನು ಒಪ್ಪಿಸಲು ಮಾತ್ರ ಹೋಗಬೇಡಿ. ತಮ್ಮನನ್ನು ಕಳೆದುಕೊಂಡವರಿಗೆ ಉಪದೇಶ ಮಾಡುವ ಹಕ್ಕು ನಮಗಿಲ್ಲ.

— ವಿರಾಜಪೇಟೆ

*

1971ರಲ್ಲಿ ನಾನು ಅಂಚೆ ಕಚೇರಿಗೆ ಹೊಸದಾಗಿ ಸೇರಿದ್ದೆ. ನವೆಂಬರ್ 15ರಿಂದ ಕಾಗದದ ಮೇಲೆ ಇನ್ನೊಂದು 5 ಪೈಸೆಯ ಅಂಚೆಚೀಟಿ ಹಚ್ಚಬೇಕು ಎಂದು ಆದೇಶ ಬಂತು, ಪೂರ್ವ ಪಾಕಿಸ್ತಾನದಿಂದ (ಈಗಿನ ಬಾಂಗ್ಲಾದೇಶ) ಬಂದ ನಿರಾಶ್ರಿತರ ಪರಿಹಾರಕ್ಕೆ. ಹೊಸ ಚೀಟಿ ಇನ್ನೂ ಅಚ್ಚಾಗಿರಲಿಲ್ಲ. ಕುಟುಂಬ ಯೋಜನೆಯ ಚೀಟಿಯ ಮೇಲೇ ‘ರೆಫ್ಯೂಜಿ ರಿಲೀಫ್’ ಎಂದು ಮುದ್ರೆ ಒತ್ತಿ ಕೊಟ್ಟೆವು. ‘ಇಬ್ಬರು ಸಾಕು ಅಂತೀರಿ, ಒಂದು ಕೋಟಿ ಜನರನ್ನು ಒಳಗೆ ಬಿಟ್ಟುಕೊಂಡಿದೀರಿ’ ಎಂದು ಒಬ್ಬರು ಕೌಂಟರಿನಲ್ಲೇ ಕುಟುಕಿದರು. ಆರು ವರ್ಷದ ಹಿಂದಷ್ಟೇ ಪಾಕಿಸ್ತಾನದ ಜತೆ ಯುದ್ಧ ಆಗಿತ್ತು. ಬಂದವರ ಕಾಗದಪತ್ರದಲ್ಲಿ ಇದ್ದದ್ದು ಪಾಕಿಸ್ತಾನದ ಹೆಸರೇ. ‘ಶತ್ರು ದೇಶದವರಿಗೆ ನಮ್ಮ ಐದು ಪೈಸೆ ಯಾಕೆ’ ಎಂಬ ಮಾತನ್ನೂ ಕೇಳಿದ್ದೇನೆ. ಗೊಣಗುತ್ತಲೇ ಹಚ್ಚಿದರು. 1973ರ ಮಾರ್ಚ್ ತನಕ ಹಚ್ಚಿದರು.

ನಮಗೆ ಆಗ ‘ಕೊಡಲೋ ಬೇಡವೋ’ ಎಂದು ಯಾರೂ ಕೇಳಲಿಲ್ಲ. ನಿಮ್ಮನ್ನೂ ಯಾರೂ ಕೇಳಿಲ್ಲ, ನೀವೇ ಕೇಳಿಕೊಂಡಿದ್ದೀರಿ. ಅದು ದೊಡ್ಡ ವ್ಯತ್ಯಾಸ.

— ಶಿರಸಿ

*

ಮೇಡಂ, ನಾನು ಸಿಂಧನೂರಿನ ಆರ್.ಎಚ್. ಕ್ಯಾಂಪಿನವನು, ಅಂದರೆ ನಿರಾಶ್ರಿತರ ಪುನರ್ವಸತಿ ಕ್ಯಾಂಪಿನವನು. ಮನೆಯಲ್ಲಿ ಬಂಗಾಳಿ, ಅಂಗಡಿಯಲ್ಲಿ ಕನ್ನಡ. ಅಜ್ಜ ಪೂರ್ವ ಪಾಕಿಸ್ತಾನ ಬಿಟ್ಟು ಬಂದವರು. ನೀರು ಬಿಟ್ಟರೆ ಬೇರೇನೂ ಗೊತ್ತಿಲ್ಲದವರನ್ನು ಈ ಎರೆಮಣ್ಣಿಗೆ ತಂದು ಬಿಟ್ಟರಂತೆ. ಮೊದಮೊದಲು ಸುತ್ತಲಿನ ಹಳ್ಳಿಯವರು ನಮ್ಮವರನ್ನು ‘ಪಾಕಿಸ್ತಾನದವರು’ ಅಂತಲೇ ಕರೆಯುತ್ತಿದ್ದರಂತೆ. ಹಾಗೆ ಕರೆಯುತ್ತಿದ್ದ ಒಬ್ಬ ಗೌಡರ ಮನೆಯಿಂದಲೇ ಅಜ್ಜಿಯ ಬಾಣಂತನಕ್ಕೆ ಜೋಳದ ಹಿಟ್ಟು, ಬೆಲ್ಲ ಬಂದಿತ್ತು. ಜೋಳ ತಿಂದು ಅಭ್ಯಾಸ ಇಲ್ಲದೆ ಅಜ್ಜಿಗೆ ಹೊಟ್ಟೆ ಕೆಟ್ಟಿತ್ತು, ಅದು ಬೇರೆ ಮಾತು.

ಆ ಗೌಡರು ಕೊನೆಯ ತನಕ ನಮ್ಮಜ್ಜನನ್ನು ‘ಏ ಪಾಕಿಸ್ತಾನ’ ಅಂತಲೇ ಕೂಗಿದರು. ಅಜ್ಜ ಓ ಅನ್ನುತ್ತಿದ್ದರು. ನಿಮ್ಮ ಅಜ್ಜಿಯೂ ಬೈಯುತ್ತಲೇ ಇರಲಿ ಬಿಡಿ. ಬೈಯುವವರೆಲ್ಲ ಕೊಡದವರಲ್ಲ.

— ಸಿಂಧನೂರು

*

ಒಂದೇ ಮಾತು. ನಾನು ಹೈಫಾದಲ್ಲಿ ಕೇರ್‌ಗಿವರ್. ಈ ಬಿಸಿಲಲ್ಲಿ ಕಂಬಳಿ ಯಾಕೆ ಮಾರಾಯ್ರೆ? ಡೇರೆಯೊಳಗೆ ಹಗಲು ಕೂರಲಿಕ್ಕೆ ಆಗುವುದಿಲ್ಲ. ಅದೇ ದುಡ್ಡಿಗೆ ಮಕ್ಕಳ ಡೈಪರ್, ಚಪ್ಪಲಿ ತೆಗೆಯಿರಿ. ಚಪ್ಪಲಿ ಸಣ್ಣದರಿಂದ ದೊಡ್ಡದರವರೆಗೆ ಬೇರೆ ಬೇರೆ ಅಳತೆಯದು ಇರಲಿ, ಜೋಡಿ ಬೇರೆಯಾಗದ ಹಾಗೆ ದಾರದಿಂದ ಕಟ್ಟಿ. ಹೀಬ್ರೂ ಚೀಟಿ ಇದ್ದರೆ ಕತ್ತರಿಸಿ.

— ಮೂಲ್ಕಿಯವಳು, ಈಗ ಹೈಫಾ